ಗಡಿಯಾಚೆ ಸಿಕ್ಕಿಕೊಂಡವರ ಗತಿಯೇನು?

ಮನೆಗೆ ಬಾಗಿಲಿರುವುದು ಮುಚ್ಚುವುದಕ್ಕೂ ಹೌದು, ತೆರೆಯುವುದಕ್ಕೂ ಹೌದು. ಭಯದ ಕಾಲದಲ್ಲಿ ಬಾಗಿಲನ್ನು ಭದ್ರಪಡಿಸುವ ಯಜಮಾನನನ್ನು ಯಾರೂ ದೂಷಿಸಲಾರರು. ಆದರೆ ಹೊಲಕ್ಕೆ ಹೋದ ಮಗನೂ ಪೇಟೆಗೆ ಹೋದ ತಮ್ಮನೂ ಹಿಂದಿರುಗಿದರೋ ಇಲ್ಲವೋ ಎಂಬುದನ್ನು ವಿಚಾರಿಸದೆ ಅಗುಳಿ ಹಾಕಿ ಮಲಗುವವನನ್ನು ಒಳ್ಳೆಯ ಯಜಮಾನನೆಂದು ಯಾರೂ ಹೊಗಳಲಾರರು. ರಾಜ್ಯವೂ ಒಂದು ದೊಡ್ಡ ಮನೆಯೇ. 2020 ಮತ್ತು 2021ನೆಯ ಇಸವಿಗಳಲ್ಲಿ ನಮ್ಮ ದೇಶದ ಹಾಗೂ ನಮ್ಮ ರಾಜ್ಯದ ಬಾಗಿಲುಗಳು ಮುಚ್ಚಿದ ಬಗೆಯನ್ನು ಈಗ ಶಾಂತಚಿತ್ತದಿಂದ ನೆನೆದು ನೋಡಿದರೆ, ಹೊರಗುಳಿದವರ ವಿಚಾರವನ್ನು ನಾವು ಬಾಗಿಲು ಮುಚ್ಚಿದ ಮೇಲೆಯೇ ಮಾಡತೊಡಗಿದೆವೆಂಬುದನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಅಂದಿನ ಭೀತಿಯು ಈಗ ಅಡಗಿದೆ. ಭೀತಿ ಅಡಗಿದ ಕಾಲದಲ್ಲಿಯೇ ಮುಂದಿನ ವ್ಯವಸ್ಥೆಯನ್ನು ಯೋಚಿಸುವುದು ವಿವೇಕಿಗಳ ಲಕ್ಷಣವಾದುದರಿಂದ, ಬೆಳಗಾವಿ ಜಿಲ್ಹೆಯ ಉತ್ತರದ ಅಂಚಿನಲ್ಲಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳ ಪುರಪ್ರಮುಖರ ಮತ್ತು ಅಧಿಕಾರಿವರ್ಗದವರ ಮುಂದೆ ಈ ವಿಷಯವನ್ನು ಇಡುತ್ತಿದ್ದೇವೆ.

ನಡೆದ ಸಂಗತಿಗಳನ್ನು ಮೊದಲು ಕ್ರಮವಾಗಿ ಸ್ಮರಿಸುವುದು ಒಳ್ಳೆಯದು. 2020ನೆಯ ಮಾರ್ಚ್ 23ರಿಂದ ಪರದೇಶಗಳ ಪ್ರಯಾಣಿಕ ವಿಮಾನಗಳು ಭಾರತದ ನೆಲಕ್ಕಿಳಿಯುವುದು ನಿಂತಿತು. ಅದೇ ಹೊತ್ತಿಗೆ ಪ್ರಯಾಣಿಕರ ರೈಲುಗಾಡಿಗಳೂ ನಿಂತವು. ಮಾರ್ಚ್ 25ರಿಂದ ದೇಶಕ್ಕೆ ದೇಶವೇ 21 ದಿವಸಗಳ ನಿರ್ಬಂಧಕ್ಕೊಳಗಾಯಿತು. ಆ ನಿರ್ಬಂಧವು ಮತ್ತೆ ಮತ್ತೆ ಮುಂದುವರಿಯಿತು. ಎಲ್ಲಿದ್ದವರು ಅಲ್ಲಿಯೇ ಇರತಕ್ಕದ್ದೆಂದು ಸರಕಾರದ ಆಜ್ಞೆಯಾಯಿತು. ಆದರೆ ದಿನಗೂಲಿಯ ಮೇಲೆ ಬದುಕುವವನಿಗೆ ‘ಎಲ್ಲಿದ್ದಿಯೋ ಅಲ್ಲಿ’ ಎಂಬ ಸ್ಥಳವೇ ಇರುವುದಿಲ್ಲ. ಕೆಲಸ ನಿಂತ ದಿನ ಅವನ ಅನ್ನವೂ ನಿಲ್ಲುತ್ತದೆ, ಬಾಡಿಗೆಯ ಕೋಣೆಯೂ ಕೈಬಿಡುತ್ತದೆ. ಪುಣೆ ಮುಂಬಯಿಗಳಿಂದ ಹೆದ್ದಾರಿಯನ್ನು ಹಿಡಿದು ತಮ್ಮ ಊರುಗಳತ್ತ ಹೊರಟವರಿಗೆ ನಿಪ್ಪಾಣಿ ತಾಲೂಕಿನ ಕೊಗನೊಳ್ಳಿಯ ತನಿಖಾ ಠಾಣೆಯೇ ದೇಶದ ಗಡಿಯಂತಾಯಿತು. ಮಿರಜದ ಕಡೆಯಿಂದ ಬಂದವರಿಗೆ ಕಾಗವಾಡದ ಠಾಣೆಯು ಹಾಗೆಯೇ ಆಯಿತು.

ಏಪ್ರಿಲ್ 29ರಂದು ಕೇಂದ್ರದ ಗೃಹಖಾತೆಯವರು, ಸಿಕ್ಕಿಕೊಂಡ ಕೂಲಿಕಾರರೂ ಯಾತ್ರಿಕರೂ ವಿದ್ಯಾರ್ಥಿಗಳೂ ತಮ್ಮ ತಮ್ಮ ರಾಜ್ಯಗಳಿಗೆ ಮರಳಬಹುದೆಂದು ಅಪ್ಪಣೆಕೊಟ್ಟರು. ಮೇ 1ರಿಂದ ಶ್ರಮಿಕರ ವಿಶೇಷ ರೈಲುಗಳು ಹೊರಟವು. ಆದರೆ ಆ ಅಪ್ಪಣೆಯಲ್ಲಿ ಒಂದು ಗಂಟಿತ್ತು. ಕಳಿಸುವ ರಾಜ್ಯವೂ ಬರಮಾಡಿಕೊಳ್ಳುವ ರಾಜ್ಯವೂ ಪರಸ್ಪರ ಒಪ್ಪಬೇಕಾಗಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆ ಇಲ್ಲಿ ಸಾರ್ಥಕವಾಯಿತು. ಆಚೆಯ ಜಿಲ್ಹೆಯ ಪರವಾನಿಗೆ ಕೈಯಲ್ಲಿದ್ದರೆ ಸಾಲದು, ನಮ್ಮ ಸರಕಾರದ ‘ಸೇವಾ ಸಿಂಧು’ ಜಾಲತಾಣದಲ್ಲಿಯೂ ಅರ್ಜಿ ಮಂಜೂರಾಗಿರಬೇಕು. ಎರಡರಲ್ಲಿ ಒಂದಿದ್ದು ಒಂದಿಲ್ಲದವನು ಎರಡು ರಾಜ್ಯಗಳ ನಡುವಿನ ರಸ್ತೆಯ ಮೇಲೆ ನಿಲ್ಲಬೇಕು. ಇದರ ಮೇಲೆ ಮೇ 18ರಂದು ಕರ್ನಾಟಕದ ಮುಖ್ಯಮಂತ್ರಿಗಳು ಮಹಾರಾಷ್ಟ್ರ, ಗುಜರಾತ, ತಮಿಳುನಾಡು, ಕೇರಳಗಳಿಂದ ಬರುವವರಿಗೆ ಆ ತಿಂಗಳ ಕೊನೆಯವರೆಗೆ ರಾಜ್ಯದೊಳಗೆ ಪ್ರವೇಶವಿಲ್ಲವೆಂದು ಸಾರಿದರು. ಹೀಗೆ ಸ್ವಂತ ನಾಡಿನ ಪ್ರಜೆಯೇ ಸ್ವಂತ ನಾಡಿನ ಹೊಸ್ತಿಲಲ್ಲಿ ಪರಕೀಯನಾಗಿ ನಿಲ್ಲುವ ಪ್ರಸಂಗ ಬಂದೊದಗಿತು.

ಈ ಪ್ರಸಂಗವು ನಮ್ಮ ಐದು ತಾಲೂಕುಗಳಿಗೆ ಮಿಕ್ಕ ಕರ್ನಾಟಕಕ್ಕಿಂತ ಹೆಚ್ಚು ಕಠಿಣವಾದುದೇಕೆಂಬುದನ್ನು ಬೆಂಗಳೂರಿನಲ್ಲಿ ಕುಳಿತವರು ಸುಲಭವಾಗಿ ತಿಳಿಯಲಾರರು. ಅವರಿಗೆ ಗಡಿಯೆಂಬುದು ನಕಾಶೆಯ ಮೇಲಿನ ಗೆರೆ. ಇಲ್ಲಿಯವರಿಗೆ ಅದು ದಿನಾಲು ದಾಟುವ ಹಾದಿ. ನಿಪ್ಪಾಣಿಯಿಂದ ಕೊಲ್ಹಾಪುರವು ಸುಮಾರು 40 ಕಿಲೋಮೀಟರು. ಜಿಲ್ಹೆಯ ಮುಖ್ಯಸ್ಥಳವಾದ ಬೆಳಗಾವಿಯು ಅದಕ್ಕಿಂತ ಬಹಳ ದೂರ. ಕಾಗವಾಡದಿಂದ ಮಿರಜವು ಸುಮಾರು 20 ಕಿಲೋಮೀಟರು. ಅಥಣಿಯಿಂದ ಮಿರಜಕ್ಕಿರುವ ದಾರಿಯ ಇಮ್ಮಡಿಗೂ ಮಿಕ್ಕಿದ ದಾರಿಯನ್ನು ನಡೆದರೆ ಮಾತ್ರ ಬೆಳಗಾವಿ ದೊರೆಯುವುದು. ಇಚಲಕರಂಜಿಯ ಮಗ್ಗಗಳಲ್ಲಿ, ಕೊಲ್ಹಾಪುರ ಸಾಂಗಲಿಗಳ ಸಕ್ಕರೆ ಕಾರಖಾನೆಗಳಲ್ಲಿ ಮತ್ತು ಅಂಗಡಿ ಮುಂಗಟ್ಟುಗಳಲ್ಲಿ ದುಡಿಯುವ ನಮ್ಮವರಿಗೆ ಮುಂಜಾನೆ ಹೋಗಿ ಸಂಜೆಗೆ ಬರುವುದೇ ಜೀವನಕ್ರಮ. ಮಿರಜದ ಆಸ್ಪತ್ರೆಗಳಂತೂ 19ನೆಯ ಶತಮಾನದ ಕೊನೆಗೆ ಅಲ್ಲಿ ಮಿಶನ್ ಆಸ್ಪತ್ರೆ ಸ್ಥಾಪಿತವಾದಂದಿನಿಂದಲೂ ಕೃಷ್ಣಾತೀರದ ಕನ್ನಡ ಹಳ್ಳಿಗಳ ರೋಗಿಗಳಿಗೆ ಆಶ್ರಯವಾಗಿವೆ.

ಈ ಸಂಬಂಧವು ನಿನ್ನೆ ಮೊನ್ನಿನದಲ್ಲ. 1956ರ ರಾಜ್ಯ ಪುನರ್ವಿಂಗಡಣೆಗೆ ಮುಂಚೆ ಬೆಳಗಾವಿ ಜಿಲ್ಹೆಯು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ರಾಯಬಾಗವು ಕೊಲ್ಹಾಪುರ ಸಂಸ್ಥಾನದ ಆಡಳಿತದಲ್ಲಿತ್ತು. ಲೋಕಪ್ರಸಿದ್ಧವಾದ ಕೊಲ್ಹಾಪುರಿ ಚಪ್ಪಲಿಯ ಭೌಗೋಳಿಕ ಗುರುತು ಕೂಡ ಕರ್ನಾಟಕದ ನಾಲ್ಕು ಮತ್ತು ಮಹಾರಾಷ್ಟ್ರದ ನಾಲ್ಕು ಜಿಲ್ಹೆಗಳಿಗೆ ಕೂಡಿಯೇ ದೊರೆತಿದೆ. ಅಥಣಿ, ನಿಪ್ಪಾಣಿಗಳ ಕುಶಲಕರ್ಮಿಗಳು ಅದರಲ್ಲಿ ಪಾಲುಗಾರರು. ಕೊಟ್ಟ ಹೆಣ್ಣು ಆಚೆ, ತಂದ ಹೆಣ್ಣು ಈಚೆ. ಇಂತಹ ನೆಲದಲ್ಲಿ ಗಡಿಯನ್ನು ಮುಚ್ಚುವುದೆಂದರೆ ಒಂದೇ ಮನೆಯ ನಡುಕೋಣೆಗೆ ಬೀಗ ಹಾಕಿದಂತೆ. ಇತರರಿಗೆ ಪರದೇಶವೆಂದರೆ ದುಬಾಯಿ, ಲಂಡನ್; ಆ ದಿವಸಗಳಲ್ಲಿ ನಮಗೆ ಕಾಗಲವೇ ಪರದೇಶವಾಯಿತು, ಮಿರಜವೇ ದ್ವೀಪಾಂತರವಾಯಿತು.

ದುಬಾಯಿ ಲಂಡನ್ನುಗಳಲ್ಲಿ ನಿಜವಾಗಿಯೇ ಸಿಕ್ಕಿಕೊಂಡವರ ಕಷ್ಟವೂ ಜಾತಿಯಲ್ಲಿ ಬೇರೆಯಾದುದಲ್ಲ, ದೂರದಲ್ಲಿ ಮಾತ್ರ ಬೇರೆ. ಕೆಲಸ ಹೋಯಿತು, ವೀಸಾದ ಮುದ್ದತು ತೀರುತ್ತ ಬಂತು, ವಿಮಾನವಿಲ್ಲ, ಊರಿನಲ್ಲಿ ತಾಯಿ ಹಾಸಿಗೆ ಹಿಡಿದಿದ್ದಾಳೆ. ಇಂಥವರನ್ನು ಕರೆತರುವ ‘ವಂದೇ ಭಾರತ’ ಎಂಬ ಕಾರ್ಯವನ್ನು ಕೇಂದ್ರ ಸರಕಾರವು 2020ರ ಮೇ 7ರಿಂದ ಆರಂಭಿಸಿತು. ಮೇ 11ರಂದು ಲಂಡನ್ನಿನಿಂದ ಬೆಂಗಳೂರಿಗೆ, ಮೇ 12ರಂದು ದುಬಾಯಿಯಿಂದ ಮಂಗಳೂರಿಗೆ ಮೊದಲ ವಿಮಾನಗಳು ಬಂದವು. ನೌಕಾದಳದ ‘ಜಲಾಶ್ವ’ ಎಂಬ ಹಡಗು ಮಾಲದೀವದಿಂದ 698 ಜನರನ್ನು ಕೊಚ್ಚಿಗೆ ತಂದಿಳಿಸಿತು. ಪರದೇಶಗಳಿಗೆ ನಿಯಮಿತ ವಿಮಾನಸಂಚಾರವು ಮೊದಲಿನಂತಾದುದು 2022ರ ಮಾರ್ಚ್ 27ರಿಂದ. ಅಂದರೆ ಎರಡು ವರ್ಷಗಳ ಮೇಲೆ. ಈ ಮಧ್ಯೆ ಮರಳಿ ಬಂದವರು ಹೇಗೆ ಬಂದರು, ಬಾರದೆ ಉಳಿದವರು ಏಕೆ ಉಳಿದರು ಎಂಬುದನ್ನು ವಿಚಾರಿಸಿದರೆ ನಮಗೆ ಉಪಯುಕ್ತವಾದ ಪಾಠ ದೊರೆಯುತ್ತದೆ.

ಆ ಪಾಠವು ಇಷ್ಟೇ: ಲೆಕ್ಕದಲ್ಲಿದ್ದವನು ಮೊದಲು ಬಂದನು, ಲೆಕ್ಕದಲ್ಲಿಲ್ಲದವನು ಕೊನೆಗೆ ಬಂದನು. ವಂದೇ ಭಾರತದ ವಿಮಾನಗಳಲ್ಲಿ ಸ್ಥಳ ದೊರೆತುದು ಭಾರತದ ದೂತಾವಾಸದಲ್ಲಿ ಹೆಸರು ಬರೆಯಿಸಿಕೊಂಡವರಿಗೆ. ಅವರಲ್ಲಿಯೂ ಗರ್ಭಿಣಿಯರು, ವೃದ್ಧರು, ರೋಗಿಗಳು, ಕೆಲಸ ಕಳೆದುಕೊಂಡವರು, ವೀಸಾ ತೀರಿದವರು, ಮನೆಯಲ್ಲಿ ಸಾವುನೋವಾದವರು ಇವರಿಗೆ ಅಗ್ರಸ್ಥಾನವಿತ್ತು. ಪ್ರಯಾಣದ ವೆಚ್ಚವನ್ನು ಪ್ರಯಾಣಿಕರೇ ಕೊಡಬೇಕಾಗಿತ್ತು. ಹೆಸರು ಬರೆಯಿಸುವುದು ತಿಳಿಯದೆ, ಯಾರೋ ಬಂದು ಕರೆದೊಯ್ಯುವರೆಂದು ಕೋಣೆಯಲ್ಲಿ ಕಾದವನ ಸರದಿ ಬರುವುದು ತಡವಾಯಿತು. ದೇಶದೊಳಗಿನ ಕೂಲಿಕಾರರ ವಿಷಯದಲ್ಲಿಯೂ ಇದೇ ದೋಷವಿತ್ತು. ರಾಜ್ಯದಿಂದ ರಾಜ್ಯಕ್ಕೆ ದುಡಿಯಲು ಹೋಗುವವರ ಹೆಸರುಗಳನ್ನು ದಾಖಲಿಸಬೇಕೆಂಬ ಕಾಯಿದೆಯು 1979ರಿಂದಲೂ ಇದ್ದರೂ, ಆಪತ್ತು ಬಂದಾಗ ಯಾವ ಊರಿನ ಎಷ್ಟು ಜನರು ಎಲ್ಲಿದ್ದಾರೆಂದು ಹೇಳಬಲ್ಲ ದಫ್ತರವು ಯಾವ ಕಚೇರಿಯಲ್ಲಿಯೂ ಇರಲಿಲ್ಲ. ಕೂಲಿಕಾರರಿಂದ ರೈಲು ಬಸ್ಸುಗಳ ದರ ತೆಗೆದುಕೊಳ್ಳಬಾರದು, ದಾರಿಯಲ್ಲಿ ಅನ್ನ ನೀರು ಕೊಡಬೇಕು ಎಂದು ಸುಪ್ರೀಮ್ ಕೋರ್ಟು 2020ರ ಮೇ 28ರಂದು ಹೇಳಬೇಕಾಯಿತು. ನ್ಯಾಯಾಲಯವು ಹೇಳುವತನಕ ಕಾಯಬೇಕಾದ ಮಾತು ಇದಾಗಿತ್ತೇ?

ಆಮೇಲಿನ ಎರಡು ಪ್ರಸಂಗಗಳೂ ಇದನ್ನೇ ಸಾರುತ್ತವೆ. 2022ರ ಫೆಬ್ರುವರಿ 24ರಂದು ಯುಕ್ರೇನಿನಲ್ಲಿ ಯುದ್ಧ ಆರಂಭವಾಗಿ ಆಕಾಶಮಾರ್ಗ ಮುಚ್ಚಿದಾಗ, ಅಲ್ಲಿ ಓದುತ್ತಿದ್ದ ನಮ್ಮ ವಿದ್ಯಾರ್ಥಿಗಳು ಪೋಲಂಡ್, ರುಮೇನಿಯಾ, ಹಂಗೇರಿಗಳ ಭೂಗಡಿಯನ್ನು ಮುಟ್ಟಿ ಅಲ್ಲಿಂದ ವಿಮಾನವೇರಿದರು. ಹಾವೇರಿ ಜಿಲ್ಹೆಯ ಒಬ್ಬ ವಿದ್ಯಾರ್ಥಿಯು ಖಾರ್ಕಿವ್ ನಗರದಲ್ಲಿ ಮಾರ್ಚ್ 1ರಂದು ಗುಂಡಿನ ದಾಳಿಗೆ ಬಲಿಯಾದುದನ್ನು ಕನ್ನಡಿಗರು ಮರೆತಿಲ್ಲ. 2023ರ ಏಪ್ರಿಲಿನಲ್ಲಿ ಸುಡಾನಿನಲ್ಲಿ ಕಾಳಗ ತೊಡಗಿದಾಗ, ಗಿಡಮೂಲಿಕೆ ಮಾರಲು ಅಲ್ಲಿಗೆ ಹೋಗಿದ್ದ ನಮ್ಮ ಹಕ್ಕಿಪಿಕ್ಕಿ ಜನರು ಅನ್ನ ನೀರಿಲ್ಲದೆ ಸಿಕ್ಕಿಕೊಂಡರು. ಅವರು ದೂರವಾಣಿಯಲ್ಲಿ ತಮ್ಮ ಸ್ಥಿತಿಯನ್ನು ಊರಿನವರಿಗೂ ಪತ್ರಿಕೆಗಳಿಗೂ ತಿಳಿಸಿದುದರಿಂದಲೇ ನಾಡಿಗೆ ಅವರ ಇರವು ತಿಳಿಯಿತು. ‘ಕಾವೇರಿ’ ಎಂಬ ಹೆಸರಿನ ಕಾರ್ಯಾಚರಣೆಯಲ್ಲಿ ಪೋರ್ಟ್ ಸುಡಾನಿನಿಂದ ಜೆಡ್ಡಾಕ್ಕೆ, ಅಲ್ಲಿಂದ ಭಾರತಕ್ಕೆ ಜನರನ್ನು ಕರೆತಂದರು. ಅಕ್ಷರ ಬಲ್ಲವರಿಗಿಂತ ಹೆಚ್ಚು ಧೈರ್ಯವನ್ನು ಈ ಬಡ ಜನರು ತೋರಿದರೆಂದರೆ ಅತಿಶಯೋಕ್ತಿಯಾಗದು.

ಇನ್ನು ಹಕ್ಕಿನ ಮಾತು. ಭಾರತದ ರಾಜ್ಯಾಂಗದ 19ನೆಯ ಅನುಚ್ಛೇದವು ದೇಶದ ಎಲ್ಲೆಡೆಯಲ್ಲಿ ಸಂಚರಿಸುವ ಮತ್ತು ನೆಲಸುವ ಸ್ವಾತಂತ್ರ್ಯವನ್ನು ಪ್ರತಿಯೊಬ್ಬ ಪ್ರಜೆಗೂ ಕೊಟ್ಟಿದೆ. ಸಾರ್ವಜನಿಕ ಹಿತಕ್ಕಾಗಿ ಅದಕ್ಕೆ ಯುಕ್ತವಾದ ನಿರ್ಬಂಧ ಹಾಕುವ ಅಧಿಕಾರವನ್ನು ಸರಕಾರಕ್ಕೂ ಕೊಟ್ಟಿದೆ. ಯಾವನನ್ನೂ ತನ್ನ ಸ್ವದೇಶವನ್ನು ಪ್ರವೇಶಿಸುವ ಹಕ್ಕಿನಿಂದ ಮನಬಂದಂತೆ ವಂಚಿಸಲಾಗದೆಂದು ನಾಗರಿಕ ಹಾಗೂ ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯ 12ನೆಯ ಅನುಚ್ಛೇದವು ಹೇಳುತ್ತದೆ. ಭಾರತವು 1979ರಲ್ಲಿ ಅದಕ್ಕೆ ಒಪ್ಪಿಗೆಯಿತ್ತಿದೆ. ಹೊರಗಿನಿಂದ ಬರುವ ಪರಕೀಯನನ್ನು ತಡೆಯುವುದಕ್ಕೂ ಹೊರಗೆ ಹೋಗಿ ಮರಳುವ ಸ್ವಕೀಯನನ್ನು ತಡೆಯುವುದಕ್ಕೂ ಭೂಮ್ಯಾಕಾಶದಷ್ಟು ಅಂತರವಿದೆ. ಮೊದಲನೆಯದು ರಾಜನೀತಿ, ಎರಡನೆಯದು ಬಹಿಷ್ಕಾರ.

ಪ್ರತಿಪಕ್ಷದವರ ಮಾತನ್ನು ನಾವು ಉಪೇಕ್ಷಿಸುವುದಿಲ್ಲ. ಅಂದು ರೋಗದ ಭಯವು ಕಲ್ಪಿತವಾದುದಾಗಿರಲಿಲ್ಲ. ರಾಯಬಾಗ ತಾಲೂಕಿನ ಕುಡಚಿಯಲ್ಲಿಯೇ 2020ರ ಏಪ್ರಿಲಿನಲ್ಲಿ ರೋಗವು ಕಾಣಿಸಿಕೊಂಡು ಊರಿಗೆ ಊರೇ ನಿರ್ಬಂಧಕ್ಕೊಳಗಾಗಿತ್ತು. ಮೇ ತಿಂಗಳಲ್ಲಿ ನಮ್ಮ ರಾಜ್ಯದ ಹೊಸ ರೋಗಿಗಳಲ್ಲಿ ಮಹಾರಾಷ್ಟ್ರದಿಂದ ಮರಳಿದವರೇ ಬಹುಮಂದಿ ಇದ್ದರು. ಹಳ್ಳಿಯ ಆರೋಗ್ಯ ಕೇಂದ್ರಗಳಲ್ಲಿ ಸಾಮಗ್ರಿಯಿರಲಿಲ್ಲ. ಪೋಲೀಸರು, ಶಿಕ್ಷಕರು, ಆಶಾ ಕಾರ್ಯಕರ್ತೆಯರು ಹಗಲಿರುಳು ಬಿಸಿಲಿನಲ್ಲಿ ನಿಂತು ದುಡಿದರು. ಅವರ ಶ್ರಮವನ್ನು ಹಗುರಾಗಿ ಕಾಣುವುದು ಕೃತಘ್ನತೆಯಾದೀತು. ಆದರೆ ರೋಗದ ಭಯವು ನಿಜವಾದುದೆಂಬುದರಿಂದ ಬಾಗಿಲು ಮುಚ್ಚುವುದೇ ಮದ್ದೆಂದು ಸಿದ್ಧವಾಗುವುದಿಲ್ಲ. ತಡೆದು ನಿಲ್ಲಿಸಿದ ಜನರು ಮಾಯವಾಗುವುದಿಲ್ಲ; ಅವರು ಠಾಣೆಯ ಮುಂದೆ ಗುಂಪುಗೂಡುತ್ತಾರೆ, ಇಲ್ಲವೆ ಹೊಲದ ಬದುವನ್ನೂ ಹೊಳೆಯ ಹಾದಿಯನ್ನೂ ಹಿಡಿದು ರಾತ್ರಿಯಲ್ಲಿ ಒಳನುಸುಳುತ್ತಾರೆ. ಠಾಣೆಯಲ್ಲಿ ಪರೀಕ್ಷೆಯಾಗಿ ಊರ ಶಾಲೆಯಲ್ಲಿ ಹದಿನಾಲ್ಕು ದಿವಸ ಪ್ರತ್ಯೇಕವಾಗಿದ್ದವನಿಂದ ಊರಿಗೆ ಅಪಾಯ ಕಡಿಮೆ. ಅಂಜಿ ಅಡಗಿ ಬಂದವನಿಂದ ಅಪಾಯ ಹೆಚ್ಚು. ಹೀಗಿರುವಲ್ಲಿ ನಿಷೇಧವು ರೋಗವನ್ನು ತಡೆಯಿತೋ ರೋಗಿಯನ್ನು ಮರೆಮಾಡಿತೋ ಎಂಬುದನ್ನು ಅಧಿಕಾರಿಗಳೇ ಯೋಚಿಸಿ ನೋಡಲಿ.

ಪ್ಲೇಗಿನ ಕಾಲದಲ್ಲಿ ಆಂಗ್ಲ ಸರಕಾರವು ಮಾಡಿದ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ನಾವು ಕಠೋರವಾದುದೆಂದು ಜರೆಯುತ್ತ ಬಂದಿದ್ದೇವೆ. ಆ ಕಾಯಿದೆಯು ಕೂಡ ಹೆಸರಿಸಿ ಹೇಳಿದುದು ರೈಲಿನಿಂದಾಗಲಿ ಬೇರೆ ಮಾರ್ಗದಿಂದಾಗಲಿ ಬರುವ ಪ್ರಯಾಣಿಕರ ಪರೀಕ್ಷೆಯನ್ನು ಮತ್ತು ಸಂಶಯವುಳ್ಳವರನ್ನು ಆಸ್ಪತ್ರೆಯಲ್ಲಿಯೋ ತಾತ್ಪೂರ್ತಿಕ ವಸತಿಯಲ್ಲಿಯೋ ಬೇರೆಯಾಗಿ ಇಡುವುದನ್ನು. ನಮ್ಮದೇ ಸರಕಾರವು 2020ರಲ್ಲಿ ಮಾಡಿದ ಕರ್ನಾಟಕ ಸಾಂಕ್ರಾಮಿಕ ರೋಗಗಳ ಕಾಯಿದೆಯಲ್ಲಿಯಾದರೋ, ರಾಜ್ಯದ ಗಡಿಗಳನ್ನು ಮುಚ್ಚುವ ಅಧಿಕಾರವನ್ನು ಸ್ಪಷ್ಟವಾಗಿ ಬರೆಯಲಾಗಿದೆ. ಆ ಅಧಿಕಾರವು ಬೇಡವೆಂದು ನಾವು ಹೇಳುವುದಿಲ್ಲ. ಅದು ಎಷ್ಟು ಸ್ಪಷ್ಟವಾಗಿದೆಯೋ ಅಷ್ಟೇ ಸ್ಪಷ್ಟವಾಗಿ ಹೊರಗುಳಿದ ಸ್ವಜನರ ವಿಷಯದ ಕರ್ತವ್ಯವೂ ನಿಯಮರೂಪದಲ್ಲಿ ಬರೆಯಲ್ಪಡಬೇಕೆಂಬುದೇ ನಮ್ಮ ವಾದ.

ಗಡಿ ಮುಚ್ಚುವ ವಿಷಯದಲ್ಲಿ ಕನ್ನಡಿಗರು ತಮ್ಮ ತಪ್ಪನ್ನೂ ನೆನೆಯಬೇಕು. 2020ರ ಮಾರ್ಚಿನಲ್ಲಿ ಮಂಗಳೂರಿನ ದಕ್ಷಿಣಕ್ಕಿರುವ ತಲಪಾಡಿಯ ಗಡಿಯನ್ನು ನಮ್ಮವರೇ ಮುಚ್ಚಿದರು. ಒಳದಾರಿಗಳಲ್ಲಿ ಮಣ್ಣು ಸುರಿದರು. ಕಾಸರಗೋಡಿನ ರೋಗಿಗಳಿಗೆ, ಅವರಲ್ಲಿ ಕನ್ನಡಿಗರೂ ಬಹಳ, ಮಂಗಳೂರಿನ ಆಸ್ಪತ್ರೆಗಳೇ ಗತಿಯಾಗಿದ್ದವು. ಚಿಕಿತ್ಸೆಗೆ ಹೋಗಲಾಗದೆ ಜನರು ಸತ್ತರೆಂಬ ದೂರು ಕೇರಳದ ಹೈಕೋರ್ಟಿಗೂ ಅಲ್ಲಿಂದ ಸುಪ್ರೀಮ್ ಕೋರ್ಟಿಗೂ ಹೋಯಿತು. ಕಡೆಗೆ ಏಪ್ರಿಲ್ 7ರಂದು, ತುರ್ತು ರೋಗಿಗಳನ್ನು ಬಿಡುವ ಒಪ್ಪಂದವಾಯಿತೆಂದು ನ್ಯಾಯಾಲಯಕ್ಕೆ ತಿಳಿಸಲಾಯಿತು. ಮಂಗಳೂರು ಕಾಸರಗೋಡಿಗೆ ಏನೋ, ಮಿರಜವು ಕಾಗವಾಡ ಅಥಣಿಗಳಿಗೆ ಅದೇ. ತಲಪಾಡಿಯಲ್ಲಿ ಮಣ್ಣು ಸುರಿದ ಕೈಯನ್ನೇ ಕಾಗವಾಡದಲ್ಲಿ ಚಾಚಿ ಬೇಡಬೇಕಾಗುವುದೆಂಬ ಎಚ್ಚರವು ನಮಗಿರಬೇಕಾಗಿತ್ತು. ನಾವು ಬಯಸುವ ನ್ಯಾಯವನ್ನು ನಾವು ಕೊಡಲೂ ಕಲಿಯಬೇಕು.

‘ಆ ರೋಗವು ಹೋಯಿತು, ಈಗೇಕೆ ಈ ಮಾತು?’ ಎಂದು ಕೆಲವರು ಕೇಳಬಹುದು. ಗಡಿ ಮುಚ್ಚುವುದು ರೋಗ ಬಂದಾಗ ಮಾತ್ರವೇ? 2019ರ ಆಗಸ್ಟಿನಲ್ಲಿ ಪಂಚಗಂಗೆಯ ಪ್ರವಾಹದಿಂದ ಕೊಲ್ಹಾಪುರದ ಬಳಿ ಹೆದ್ದಾರಿಯು ಹಲವು ದಿವಸ ಮುಚ್ಚಿತ್ತು. 2021ರ ಜುಲೈಯಲ್ಲಿ ಮತ್ತೆ ನೆರೆ ಬಂದಿತು. ಅದೇ ವರ್ಷ ಮಹಾರಾಷ್ಟ್ರ ಕೇರಳಗಳಿಂದ ಬರುವವರಿಗೆ 72 ತಾಸುಗಳೊಳಗಿನ ಪರೀಕ್ಷೆಯ ಪ್ರಮಾಣಪತ್ರವನ್ನು ಕಡ್ಡಾಯ ಮಾಡಿದುದರಿಂದ ಕೊಗನೊಳ್ಳಿಯಲ್ಲಿ ವಾಹನಗಳು ತಿರುಗಿಹೋದವು. ಲಸಿಕೆ ಹಾಕಿಸಿಕೊಂಡವರಿಗೂ ಆ ಪತ್ರವು ಬೇಕಾಗಿತ್ತು. 2022ರ ಡಿಸೆಂಬರಿನಲ್ಲಿ ಗಡಿವಿವಾದವು ಕಾವೇರಿದಾಗ ಉಭಯ ರಾಜ್ಯಗಳ ಬಸ್ಸುಗಳು ನಿಂತವು; 2025ರ ಫೆಬ್ರುವರಿಯಲ್ಲಿ ಬೆಳಗಾವಿಯ ಬಳಿ ಬಸ್ಸಿನ ಕಂಡಕ್ಟರನೊಬ್ಬನ ಮೇಲೆ ಹಲ್ಲೆಯಾದ ಮೇಲೆ ಮತ್ತೊಮ್ಮೆ ನಿಂತವು. ರೋಗದಿಂದಲೋ ನೀರಿನಿಂದಲೋ ಕಲಹದಿಂದಲೋ, ಈ ಹಾದಿಯು ಕೆಲವೇ ವರ್ಷಗಳಲ್ಲಿ ಇಷ್ಟು ಸಲ ಮುಚ್ಚಿರುವಾಗ, ಮತ್ತೆ ಮುಚ್ಚದೆಂದು ನಂಬಿ ಕೂಡ್ರುವುದು ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ಬುದ್ಧಿಯೇ ಸರಿ.

ಆದುದರಿಂದ ಈಗ ಮಾಡತಕ್ಕದ್ದೇನೆಂಬುದನ್ನು ಸೂಚಿಸುತ್ತೇವೆ. ಸಿಕ್ಕಿಕೊಂಡವನ ಕರ್ತವ್ಯವನ್ನು ಮೊದಲು ಹೇಳುವೆವು. ಏಕೆಂದರೆ ಮೊದಲ ದಿವಸಗಳಲ್ಲಿ ಅವನಿಗೆ ಅವನೇ ಸಹಾಯಕ. ಪರದೇಶದಲ್ಲಿರುವವನು ಆಪತ್ತಿಗೆ ಕಾಯದೆ, ಹೋದ ಕೂಡಲೇ ಭಾರತದ ದೂತಾವಾಸದಲ್ಲಿ ತನ್ನ ಹೆಸರು, ವಿಳಾಸ, ದೂರವಾಣಿಗಳನ್ನು ಬರೆಯಿಸಬೇಕು. ಪಾಸಪೋರ್ಟು, ವೀಸಾ, ಕೆಲಸದ ಕರಾರು ಇವುಗಳ ಪ್ರತಿಗಳನ್ನು ಊರಿನ ಮನೆಯಲ್ಲಿಯೂ ಇಡಬೇಕು. ವೀಸಾ ತೀರುವುದಕ್ಕೆ ಮುಂಚೆಯೇ ಮುದ್ದತು ಬೆಳೆಸಿಕೊಡಲು ಆ ದೇಶದ ಅಧಿಕಾರಿಗಳಿಗೆ ಲಿಖಿತ ಅರ್ಜಿ ಕೊಟ್ಟು ಅದರ ಸ್ವೀಕೃತಿಯನ್ನು ಕಾಯ್ದುಕೊಳ್ಳಬೇಕು. ಕಾಯಿದೆಬದ್ಧವಾಗಿ ಇರುವವನ ಮಾತಿಗೆ ಬೆಲೆಯುಂಟು, ಅಡಗಿ ಇರುವವನ ಮಾತಿಗೆ ಇಲ್ಲ. ಪಾಸಪೋರ್ಟು ಕಳೆದರೆ ಸ್ವದೇಶಕ್ಕೆ ಮರಳುವಷ್ಟಕ್ಕೆ ತುರ್ತು ಪ್ರಮಾಣಪತ್ರವನ್ನು ದೂತಾವಾಸದವರು ಕೊಡುತ್ತಾರೆ. ಕೈಯಲ್ಲಿ ಹಣವಿಲ್ಲದವನಿಗೆ ಊಟ, ವಸತಿ, ಔಷಧ, ಮರಳುವ ವೆಚ್ಚಗಳಿಗಾಗಿ 2009ರಲ್ಲಿ ಸ್ಥಾಪಿತವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಯೆಂಬುದು ದೂತಾವಾಸಗಳಲ್ಲಿದೆ; ಅದನ್ನು ಕೇಳುವುದು ಭಿಕ್ಷೆಯಲ್ಲ. ದೂತಾವಾಸವು ಕಿವಿಗೊಡದಿದ್ದರೆ ವಿದೇಶಾಂಗ ಖಾತೆಯ ‘ಮದದ್’ ಜಾಲತಾಣದಲ್ಲಿ, ಊರಿನಲ್ಲಿರುವ ಮನೆಯವರಾದರೂ ದೂರನ್ನು ದಾಖಲಿಸಬಹುದು.

ಒಂಟಿಯಾಗಿ ಅಲೆಯುವುದಕ್ಕಿಂತ ಸಂಘವಾಗಿ ಕೇಳುವುದು ಮೇಲು. ಕನ್ನಡಿಗರಿದ್ದಲ್ಲೆಲ್ಲ ಕನ್ನಡ ಸಂಘಗಳಿವೆ. ರಾಜ್ಯೋತ್ಸವದ ಊಟಕ್ಕೆ ಮಾತ್ರ ಅವನ್ನು ನೆನೆಯದೆ ಮೊದಲಿನಿಂದಲೂ ಅವುಗಳ ಸದಸ್ಯನಾಗಿರಬೇಕು. ಟಿಕೀಟು ಕೊಡಿಸುವೆನೆಂದೂ ಗಡಿ ದಾಟಿಸುವೆನೆಂದೂ ಬರುವ ದಲ್ಲಾಳಿಗೆ ಹಣ ಕೊಡಬಾರದು. ಗಡಿಯಾಚೆ ಕೊಲ್ಹಾಪುರ ಸಾಂಗಲಿಗಳಲ್ಲಿ ದುಡಿಯುವವರಿಗೂ ಇದೇ ಮಾತು ಅನ್ವಯಿಸುತ್ತದೆ. ವಾಸದ ದಾಖಲೆ ಜೊತೆಯಲ್ಲಿರಲಿ. ಧನಿಯಿಂದ ಕೆಲಸದ ಪತ್ರವೊಂದಿರಲಿ. 2021ರಲ್ಲಿ ಆರಂಭವಾದ ‘ಇ-ಶ್ರಮ’ ದಾಖಲೆಯಲ್ಲಿ ಹೆಸರಿರಲಿ. ಬಾಗಿಲು ಮುಚ್ಚುವ ಸುದ್ದಿ ಬಂದ ದಿನವೇ, ಉಭಯ ಜಿಲ್ಹೆಗಳಲ್ಲಿಯೂ ಅರ್ಜಿ ಹೋಗಲಿ. ಮನೆಯವರು ಅಳುತ್ತ ಕೂಡ್ರದೆ ತಹಶೀಲ್ದಾರರ ಕಚೇರಿಯಲ್ಲಿ ಈ ಕಡೆಯಿಂದಲೂ ಅರ್ಜಿ ಕೊಡಲಿ. ಬರೆಯಲು ಬಾರದವರಿಗೆ ಬರೆದುಕೊಡುವುದು ಊರಿನ ಅಕ್ಷರಸ್ಥರ ಧರ್ಮ.

ಇನ್ನು ಸರಕಾರದವರ ಕರ್ತವ್ಯ. ಮೊದಲನೆಯದಾಗಿ, 2020ರ ಕಾಯಿದೆಯ ಅನ್ವಯ ನಿಯಮವೊಂದನ್ನು ಮಾಡಿ, ಗಡಿ ಎಷ್ಟೇ ಭದ್ರವಾಗಿ ಮುಚ್ಚಿದ್ದರೂ ಕರ್ನಾಟಕದ ನಿವಾಸಿಯನ್ನು ಪರೀಕ್ಷಿಸಬಹುದು, ಪ್ರತ್ಯೇಕವಾಗಿಡಬಹುದು, ಆದರೆ ತಿರುಗಿಸಿ ಕಳಿಸಕೂಡದು ಎಂದು ವಿಧಿಸಬೇಕು. ಎರಡನೆಯದಾಗಿ, ಗಡಿ ಮುಚ್ಚುವ ಹುಕುಮು ಹೊರಟ ಗಳಿಗೆಗೂ ಅದು ಜಾರಿಯಾಗುವ ಗಳಿಗೆಗೂ ನಡುವೆ ಎರಡು ದಿವಸಗಳ ಅವಕಾಶವಾದರೂ ಇರಬೇಕು. ದಿನಾಲು ದಾಟುವ ಕೂಲಿಕಾರನು ರಾತ್ರಿಯ ಹುಕುಮನ್ನು ಮುಂಜಾನೆ ಠಾಣೆಯಲ್ಲಿ ಕೇಳುವಂತಾಗಬಾರದು. ಮೂರನೆಯದಾಗಿ, ಬೆಳಗಾವಿ, ಕೊಲ್ಹಾಪುರ, ಸಾಂಗಲಿ ಈ ಮೂರು ಜಿಲ್ಹೆಗಳ ಅಧಿಕಾರಿಗಳ ಸ್ಥಾಯೀ ಸಮಿತಿಯೊಂದಿರಬೇಕು. ಒಂದು ಕಡೆಯ ಪರವಾನಿಗೆ ಇನ್ನೊಂದು ಕಡೆಗೂ ಸಲ್ಲಬೇಕು. ನೆರೆಯ ಕಾಲದಲ್ಲಿ ಕೃಷ್ಣೆಯ ನೀರಿನ ಲೆಕ್ಕವನ್ನು ಉಭಯ ರಾಜ್ಯದವರು ಒಬ್ಬರಿಗೊಬ್ಬರು ತಿಳಿಸುವುದು ಸಾಧ್ಯವಾದರೆ, ಜನರ ಲೆಕ್ಕವನ್ನು ತಿಳಿಸುವುದು ಏಕೆ ಅಸಾಧ್ಯ? ನಾಲ್ಕನೆಯದಾಗಿ, ಮಿರಜ ಕೊಲ್ಹಾಪುರಗಳ ಆಸ್ಪತ್ರೆಗೆ ಹೋಗುವ ರೋಗಿಗೂ ಅಲ್ಲಿಂದ ಮರಳುವ ಹೆಣಕ್ಕೂ ಯಾವ ಕಾಲದಲ್ಲಿಯೂ ತಡೆಯಿರಬಾರದು.

ಐದನೆಯದಾಗಿ, ಗ್ರಾಮ ಪಂಚಾಯತಿಗಳಲ್ಲಿಯೂ ನಗರಸಭೆಗಳಲ್ಲಿಯೂ ಹೊರಗೆ ದುಡಿಯಲು ಹೋದವರ ದಫ್ತರವೊಂದು ಇರಬೇಕು. ಕೇರಳವು ಹೊರನಾಡಿಗರಿಗಾಗಿ ‘ನೋರ್ಕಾ’ ಎಂಬ ಪ್ರತ್ಯೇಕ ಖಾತೆಯನ್ನು 1996ರಲ್ಲಿಯೇ ತೆರೆದುದರಿಂದ, 2020ರಲ್ಲಿ ಮರಳಬಯಸುವವರ ಹೆಸರುಗಳನ್ನು ಬಹು ಬೇಗನೆ ಕೂಡಿಹಾಕಲು ಸಮರ್ಥವಾಯಿತು. ನಮ್ಮಲ್ಲಿಯೂ ಅನಿವಾಸಿ ಭಾರತೀಯರ ಸಮಿತಿಯೊಂದು ಬೆಂಗಳೂರಿನಲ್ಲಿದೆ. ಅದರ ಕೈ ಚಿಕ್ಕೋಡಿಯವರೆಗೂ ಚಾಚಬೇಕು; ತಾಲೂಕಿಗೊಬ್ಬ ಅಧಿಕಾರಿಯಾದರೂ ಈ ಕೆಲಸಕ್ಕೆ ಹೊಣೆಗಾರನಾಗಬೇಕು.

ಕೊನೆಯದಾಗಿ ಭಾಷೆಯ ಮಾತು. ಈ ಐದು ತಾಲೂಕುಗಳು ಕರ್ನಾಟಕದ ಅವಿಭಾಜ್ಯ ಅಂಗವೆಂಬುದು ನಮ್ಮ ದೃಢವಾದ ನಿಲುವು. ಮಹಾರಾಷ್ಟ್ರದವರು 2004ರಲ್ಲಿ ಸುಪ್ರೀಮ್ ಕೋರ್ಟಿನಲ್ಲಿ ಹೂಡಿದ ದಾವೆಯಿಂದ ಆ ನಿಲುವು ಸಡಿಲಾಗಿಲ್ಲ. ಆದರೆ ನೆಲವು ನಮ್ಮದೆಂದು ವಾದಿಸುವವರು ಆ ನೆಲದ ಜನರೂ ನಮ್ಮವರೆಂದು ಆಚರಿಸಿ ತೋರಿಸಬೇಕು. ನಿಪ್ಪಾಣಿಯ ಮನೆಯಲ್ಲಿ ಮರಾಠಿ ಮಾತನಾಡುವವನು ಕಾಗಲದ ದಾರಿಯಲ್ಲಿ ಸಿಕ್ಕಿಕೊಂಡರೆ ಅವನು ಕರ್ನಾಟಕದ ಪ್ರಜೆಯೇ. ಅವನನ್ನು ಕರೆತರುವ ಹೊಣೆ ನಮ್ಮದೇ. ಜತ್ತ ಅಕ್ಕಲಕೋಟೆಗಳ ಕನ್ನಡಿಗನು ನಮ್ಮ ಆಸ್ಪತ್ರೆಯ ಬಾಗಿಲಿಗೆ ಬಂದರೆ ಅವನನ್ನು ಪರಕೀಯನೆನ್ನುವಷ್ಟು ಕನ್ನಡತನವು ಕಿರಿದಾಗಬಾರದು. ಸಂಕಟದಲ್ಲಿ ಕೈಹಿಡಿದ ಸರಕಾರವನ್ನು ಗಡಿಯ ಜನರು ಮರೆಯುವುದಿಲ್ಲ; ಕೈಬಿಟ್ಟ ಸರಕಾರವನ್ನೂ ಮರೆಯುವುದಿಲ್ಲ. ನ್ಯಾಯಾಲಯದಲ್ಲಿ ನೂರು ದಾಖಲೆಗಳು ಸಾಧಿಸಲಾರದ ಏಕತೆಯನ್ನು ಕೊಗನೊಳ್ಳಿಯ ಠಾಣೆಯಲ್ಲಿ ಒಂದು ತಂಬಿಗೆ ನೀರು, ಒಂದು ನೆರಳು, ‘ಒಳಗೆ ಬನ್ನಿರಿ’ ಎಂಬ ಒಂದು ಮಾತು ಸಾಧಿಸಬಲ್ಲವು.

ಈ ಐದು ತಾಲೂಕುಗಳ ಶಾಸಕರು, ನಗರಸಭೆಗಳ ಸದಸ್ಯರು, ವಕೀಲರು, ವ್ಯಾಪಾರಸ್ಥರು ಒಂದೆಡೆ ಕೂಡಿ, ಮೇಲಿನ ಬೇಡಿಕೆಗಳನ್ನು ಲಿಖಿತವಾಗಿ ಜಿಲ್ಹಾಧಿಕಾರಿಗಳ ಮುಖಾಂತರ ಸರಕಾರಕ್ಕೆ ಸಲ್ಲಿಸಬೇಕೆಂದು ವಿನಂತಿಸುತ್ತೇವೆ. ಅದಕ್ಕೆ ಇದೇ ಸಮಯ. ಠಾಣೆಯಲ್ಲಿ ಈಗ ಸಾಲು ಇಲ್ಲ, ಅಧಿಕಾರಿಗಳಿಗೆ ಯೋಚಿಸುವ ವೇಳೆಯಿದೆ. ಬಾಗಿಲನ್ನು ಮುಚ್ಚುವ ದಿನ ಮತ್ತೆ ಬಂದರೆ ಮುಚ್ಚೋಣ; ಆದರೆ ಮನೆಯ ಮಕ್ಕಳನ್ನು ಎಣಿಸಿ, ಹೊರಗಿದ್ದವರಿಗಾಗಿ ದಿಡ್ಡಿಯೊಂದನ್ನು ತೆರೆದಿಟ್ಟು ಮುಚ್ಚೋಣ.